ಹಿಮ್ಮಡಿ ನೋವು: ಕೊಟ್ಟಿಗೆ ಕೆಲಸ ಬಿಡದೆ ವಾಸಿ ಮಾಡಿಕೊಳ್ಳುವ ಬಗೆ



ಹಸು ಕುಂಟಿದರೆ ನಮಗೆ ಕೂಡಲೇ ತಿಳಿಯುತ್ತದೆ. ಗೊರಸು ಬೆಳೆದಿದೆಯೇ, ಸಂದಿನಲ್ಲಿ ಕಲ್ಲು ಸಿಕ್ಕಿದೆಯೇ ಎಂದು ಕಾಲೆತ್ತಿ ನೋಡುತ್ತೇವೆ. ಎರಡು ದಿನ ಹಾಗೇ ಇದ್ದರೆ ಪಶುವೈದ್ಯರಿಗೆ ಹೇಳಿಕಳಿಸುತ್ತೇವೆ. ಏಕೆಂದರೆ ಕುಂಟುವ ಹಸು ಮೇವು ಕಡಿಮೆ ತಿನ್ನುತ್ತದೆ, ಹಾಲು ಇಳಿಸುತ್ತದೆ. ಆದರೆ ಆ ಹಸುವಿನ ಹಾಲು ಕರೆಯುವ ತಾಯಿ ಬೆಳಗಿನ ಜಾವ ಗೋಡೆ ಹಿಡಿದುಕೊಂಡು ಕುಂಟುತ್ತಾ ಕೊಟ್ಟಿಗೆಗೆ ಬಂದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ವಯಸ್ಸಾಯಿತು, ವಾಯು" ಎಂದು ಆಕೆಯೇ ಸುಮ್ಮನಾಗುತ್ತಾಳೆ.

ನೋವು ಹೆಚ್ಚಾಗಿ ವೈದ್ಯರ ಬಳಿ ಹೋದರೆ ಅವರು "ವಿಶ್ರಾಂತಿ ಬೇಕು" ಎನ್ನುತ್ತಾರೆ. ಅದು ಸರಿಯಾದ ಮಾತೇ. ಆದರೆ ಹಾಲು ಕರೆಯುವ ಕೆಲಸಕ್ಕೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ದಿನಕ್ಕೆ ಎರಡು ಹೊತ್ತು ಕೆಚ್ಚಲು ಖಾಲಿ ಆಗಲೇಬೇಕು. ಹೀಗಾಗಿ ವಿಶ್ರಾಂತಿಯೂ ಸಿಗದೆ, ನೋವೂ ಹೋಗದೆ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಕೊನೆಗೆ "ಎರಡರಲ್ಲಿ ಒಂದು ಹಸು ಮಾರಿಬಿಡೋಣ" ಎಂಬ ಮಾತು ಮನೆಯಲ್ಲಿ ಬರುತ್ತದೆ.

ಹಾಗೆ ಆಗಬೇಕಾಗಿಲ್ಲ. ಹಿಮ್ಮಡಿ ನೋವಿನಲ್ಲಿ ಬಹುಪಾಲು ಕೊಟ್ಟಿಗೆ ಕೆಲಸ ಬಿಡದೆಯೇ ವಾಸಿಯಾಗುವಂಥದ್ದು. ಅದಕ್ಕೆ ಬೇಕಾದದ್ದು ದಿನಕ್ಕೆ ಕೆಲವು ನಿಮಿಷಗಳ ಅಭ್ಯಾಸ, ಕಾಲಿಗೆ ತಕ್ಕ ಚಪ್ಪಲಿ, ಕೆಲಸ ಮಾಡುವ ರೀತಿಯಲ್ಲಿ ಸಣ್ಣ ಬದಲಾವಣೆ ಮತ್ತು ಕೆಲವು ತಿಂಗಳ ತಾಳ್ಮೆ. ಅದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಿಮ್ಮ ನೋವು ಇದೇನಾ?

ಕೆಳಗಿನ ಲಕ್ಷಣಗಳನ್ನು ಓದಿ, ನಿಮ್ಮ ನೋವಿನೊಡನೆ ಹೋಲಿಸಿ ನೋಡಿ.

1. ಬೆಳಗ್ಗೆ ಹಾಸಿಗೆಯಿಂದ ಎದ್ದು ನೆಲಕ್ಕೆ ಕಾಲಿಟ್ಟ ಕೂಡಲೇ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತೆ ನೋವು.
2. ಹತ್ತು-ಹದಿನೈದು ಹೆಜ್ಜೆ ಹಾಕಿದ ಮೇಲೆ, ಅಥವಾ ಅರ್ಧ ಗಂಟೆ ಓಡಾಡಿದ ಮೇಲೆ ನೋವು ತಗ್ಗುವುದು.
3. ಸ್ವಲ್ಪ ಹೊತ್ತು ಕುಳಿತು, ಅಂದರೆ ಹಾಲು ಕರೆದು ಅಥವಾ ಊಟ ಮಾಡಿ ಏಳುವಾಗ ಮತ್ತೆ ಅದೇ ಚುಚ್ಚು.
4. ದಿನವಿಡೀ ನಿಂತು ಕೆಲಸ ಮಾಡಿದರೆ ಸಂಜೆ ಹೊತ್ತಿಗೆ ನೋವು ಮರಳುವುದು.
5. ಹಿಮ್ಮಡಿಯ ಅಡಿಯಲ್ಲಿ, ಒಳಮಗ್ಗುಲಿಗೆ, ಹೆಬ್ಬೆರಳಿನಿಂದ ಒತ್ತಿದರೆ ಒಂದು ನಿರ್ದಿಷ್ಟ ಜಾಗದಲ್ಲಿ ಹೆಚ್ಚು ನೋವು.

ಇವುಗಳಲ್ಲಿ ಹೆಚ್ಚಿನವು ನಿಮಗೆ ಹೊಂದಿದರೆ ಅದು ಬಹುಮಟ್ಟಿಗೆ ಅಂಗಾಲಿನ ಪಟ್ಟಿಯ ನೋವು. ವೈದ್ಯರು ಇದನ್ನು ಪ್ಲಾಂಟಾರ್ ಫೇಸಿಯೈಟಿಸ್ ಎಂದು ಕರೆಯುತ್ತಾರೆ. ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ ಎಂದು ಅಂದಾಜು. 40ರಿಂದ 60 ವರ್ಷದವರಲ್ಲಿ ಹೆಚ್ಚು. ಇದನ್ನು ಗುರುತಿಸಲು ಸಾಮಾನ್ಯವಾಗಿ ಎಕ್ಸರೇ ಬೇಕಾಗಿಲ್ಲ. ಮೇಲಿನ ಲಕ್ಷಣಗಳನ್ನು ಕೇಳಿ, ಕೈಯಿಂದ ಒತ್ತಿ ನೋಡಿಯೇ ವೈದ್ಯರು ಹೇಳಬಲ್ಲರು.

ಅಂಗಾಲಿನೊಳಗೆ ಏನಾಗುತ್ತದೆ?

ನಮ್ಮ ಪಾದದಲ್ಲಿ 26 ಮೂಳೆಗಳಿವೆ. ಅವು ಬಿಲ್ಲಿನಂತೆ ಬಾಗಿ ನಿಂತಿವೆ. ಬಿಲ್ಲಿಗೆ ಹೆದೆ ಇರುವಂತೆ ಹಿಮ್ಮಡಿ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಒಂದು ಗಟ್ಟಿಯಾದ ಪಟ್ಟಿ ಇದೆ. ನಾವು ಪ್ರತಿ ಹೆಜ್ಜೆ ಇಟ್ಟಾಗಲೂ ದೇಹದ ಭಾರಕ್ಕೆ ಪಾದದ ಬಿಲ್ಲು ಕುಸಿಯದಂತೆ ಈ ಪಟ್ಟಿ ಬಿಗಿಹಿಡಿಯುತ್ತದೆ. ಕಾಲ್ಬೆರಳು ಮೇಲಕ್ಕೆ ಬಾಗಿದಾಗ, ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡಂತೆ, ಈ ಪಟ್ಟಿ ಇನ್ನೂ ಬಿಗಿಯಾಗುತ್ತದೆ.

ರಾಸು ಕಟ್ಟಿದ ಹಗ್ಗವನ್ನು ನೀವು ಗಮನಿಸಿರಬಹುದು. ಅದು ನಡುವೆ ಸವೆಯುವುದು ಕಡಿಮೆ. ಗೂಟಕ್ಕೆ ಬಿಗಿದ ಜಾಗದಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅಂಗಾಲಿನ ಪಟ್ಟಿಗೂ ಹೀಗೆಯೇ ಆಗುತ್ತದೆ. ಹಿಮ್ಮಡಿ ಮೂಳೆಗೆ ಅದು ಅಂಟಿಕೊಂಡಿರುವ ಜಾಗದಲ್ಲಿ ದಿನವೂ ಬೀಳುವ ಎಳೆತಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಿತಗಳು ಉಂಟಾಗುತ್ತವೆ. ದೇಹ ಅವನ್ನು ದುರಸ್ತಿ ಮಾಡುತ್ತಲೇ ಇರುತ್ತದೆ. ಆದರೆ ದುರಸ್ತಿಗಿಂತ ಸವೆತ ಹೆಚ್ಚಾದರೆ ಪಟ್ಟಿ ದಪ್ಪಗಾಗಿ, ತನ್ನ ಹದ ಕಳೆದುಕೊಂಡು ನೋಯತೊಡಗುತ್ತದೆ.

ಬೆಳಗ್ಗೆಯೇ ಏಕೆ ಹೆಚ್ಚು ನೋವು? ರಾತ್ರಿ ಮಲಗಿದಾಗ ಪಾದ ಕೆಳಕ್ಕೆ ಬಾಗಿರುತ್ತದೆ, ಪಟ್ಟಿ ಸಡಿಲವಾಗಿ ಮುದುಡಿಕೊಂಡಿರುತ್ತದೆ. ಎದ್ದು ಮೊದಲ ಹೆಜ್ಜೆ ಇಟ್ಟೊಡನೆ ಇಡೀ ದೇಹದ ಭಾರ ಬಿದ್ದು ಅದು ಒಮ್ಮೆಲೇ ಎಳೆಯಲ್ಪಡುತ್ತದೆ. ಹಾಗಾಗಿ ಬೆಳಗಿನ ಆ ಮೊದಲ ಹೆಜ್ಜೆಗೆ ಮುಂಚೆಯೇ ಪಟ್ಟಿಯನ್ನು ನಿಧಾನವಾಗಿ ಸಡಿಲಿಸುವುದು ಚಿಕಿತ್ಸೆಯ ಮೊದಲ ಮೆಟ್ಟಿಲು. ಅದನ್ನು ಮುಂದೆ ಹೇಳಲಾಗಿದೆ.

ಹಿಮ್ಮಡಿಯ ಅಡಿಯಲ್ಲಿ ಸುಮಾರು ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪದ ಕೊಬ್ಬಿನ ದಿಂಬು ಕೂಡ ಇದೆ. ನೆಲಕ್ಕೆ ಕಾಲು ಬಡಿಯುವ ಪೆಟ್ಟನ್ನು ಇದು ತಡೆದುಕೊಳ್ಳುತ್ತದೆ. ವಯಸ್ಸಾದಂತೆ ಈ ದಿಂಬಿನ ಮೆತ್ತಗಿನ ಗುಣ ಕಡಿಮೆಯಾಗುತ್ತದೆ. ಆದ್ದರಿಂದ ಇಪ್ಪತ್ತೈದರಲ್ಲಿ ಬರಿಗಾಲಿನಲ್ಲಿ ಓಡಾಡಿದವರಿಗೆ ಐವತ್ತರಲ್ಲಿ ಅದೇ ನೆಲ ಗಟ್ಟಿ ಎನಿಸುತ್ತದೆ.

ಹಾಲು ಉತ್ಪಾದಕರಿಗೆ ಇದು ಬರಲು ಕಾರಣಗಳು

ಗಟ್ಟಿ ನೆಲ: ಮಣ್ಣಿನ ನೆಲದ ಕೊಟ್ಟಿಗೆಗಳು ಈಗ ಕಡಿಮೆಯಾಗಿವೆ. ಕಲ್ಲುಚಪ್ಪಡಿ ಅಥವಾ ಕಾಂಕ್ರೀಟ್ ನೆಲ ಬಂದಿದೆ. ಶುಚಿತ್ವಕ್ಕೆ ಇದು ಒಳ್ಳೆಯದೇ. ಆದರೆ ಸಗಣಿ ಬಾಚುವುದು, ತೊಳೆಯುವುದು, ಮೇವು ಹಾಕುವುದು ಎಲ್ಲವನ್ನೂ ಅದೇ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಮಾಡುತ್ತೇವೆ. ಹಸುವಿನ ಮೊಣಕಾಲಿಗೆ ಪೆಟ್ಟಾಗಬಾರದೆಂದು ಹಲವು ಮನೆಗಳಲ್ಲಿ ರಬ್ಬರ್ ಮ್ಯಾಟ್ ಹಾಸಿದ್ದಾರೆ. ಹಾಲು ಕರೆಯುವವರ ಕಾಲಿನ ಕೆಳಗೆ ಮಾತ್ರ ಏನೂ ಇಲ್ಲ.

ಕುಕ್ಕರಗಾಲಿನಲ್ಲಿ ಕೂರುವುದು: ಬಕೆಟ್ಟನ್ನು ಮೊಣಕಾಲುಗಳ ನಡುವೆ ಹಿಡಿದು ಹಿಮ್ಮಡಿ ಎತ್ತಿ, ತುದಿಗಾಲಿನ ಮೇಲೆ ಕುಳಿತು ಹಾಲು ಕರೆಯುವಾಗ ಕಾಲ್ಬೆರಳುಗಳು ಮೇಲಕ್ಕೆ ಬಾಗುತ್ತವೆ; ಭಾರವೆಲ್ಲ ಮುಂಗಾಲಿನ ಮೇಲಿರುತ್ತದೆ. ಅಷ್ಟು ಹೊತ್ತೂ ಪಟ್ಟಿ ಬಿಗಿಯಾಗಿಯೇ ಇರುತ್ತದೆ.

ತಲೆಹೊರೆ: ನಡೆಯುವಾಗ ಹಿಮ್ಮಡಿಯ ಮೇಲೆ ದೇಹದ ತೂಕಕ್ಕಿಂತ ತುಸು ಹೆಚ್ಚೇ ಭಾರ ಬೀಳುತ್ತದೆ. ಹಸಿಹುಲ್ಲಿನ ಹೊರೆ 30 ಕಿಲೋ ಇದ್ದರೆ ಅದೂ ಪ್ರತಿ ಹೆಜ್ಜೆಗೆ ಸೇರಿಕೊಳ್ಳುತ್ತದೆ.

ದೇಹದ ತೂಕ: ಕೆಲವು ವರ್ಷಗಳಲ್ಲಿ ತೂಕ ಹೆಚ್ಚಿದ್ದರೆ ಅದು ದಿನವಿಡೀ ಇಳಿಸಲಾಗದ ಹೊರೆಯಂತೆಯೇ.

ಬಿಗಿಯಾದ ಮೀನಖಂಡ: ಮೀನಖಂಡದ ಸ್ನಾಯು ಬಿಗಿಯಾಗಿದ್ದರೆ ಕಣಕಾಲು ಚೆನ್ನಾಗಿ ಬಾಗುವುದಿಲ್ಲ. ಆಗ ಪಾದದ ಪಟ್ಟಿ ಆ ಕೊರತೆಯನ್ನು ಹೊರಬೇಕಾಗುತ್ತದೆ. ಚಪ್ಪಟೆ ಪಾದದವರಿಗೂ, ಅತಿಯಾಗಿ ಬಿಲ್ಲುಬಾಗಿದ ಪಾದದವರಿಗೂ ತೊಂದರೆ ಹೆಚ್ಚು.

"ಮುಳ್ಳು ಬೆಳೆದಿದೆ" ಎಂದರೆ ಹೆದರಬೇಕೇ?

ಎಕ್ಸರೇ ತೆಗೆಸಿದವರಿಗೆ "ಹಿಮ್ಮಡಿ ಮೂಳೆಯಲ್ಲಿ ಮುಳ್ಳು ಬೆಳೆದಿದೆ" ಎಂದು ಹೇಳುವುದುಂಟು. ಕೇಳಿದವರಿಗೆ ಆ ಮುಳ್ಳೇ ಒಳಗಿನಿಂದ ಚುಚ್ಚುತ್ತಿದೆ, ಅದನ್ನು ಕತ್ತರಿಸಿ ತೆಗೆಯದೆ ಬಿಡುಗಡೆಯಿಲ್ಲ ಎನಿಸುವುದು ಸಹಜ.

ಆದರೆ ವಿಷಯ ಹಾಗಿಲ್ಲ. ಹಿಮ್ಮಡಿ ನೋವೇ ಇಲ್ಲದ ಎಷ್ಟೋ ಜನರ ಎಕ್ಸರೇಯಲ್ಲಿ ಈ ಮುಳ್ಳು ಕಾಣುತ್ತದೆ. ವಿಪರೀತ ನೋವಿರುವ ಎಷ್ಟೋ ಜನರಲ್ಲಿ ಅದು ಇರುವುದಿಲ್ಲ. ನೋವು ಸಂಪೂರ್ಣ ವಾಸಿಯಾದವರಲ್ಲೂ ಮುಳ್ಳು ಹಾಗೆಯೇ ಉಳಿದಿರುತ್ತದೆ. ಅಂದರೆ ಮುಳ್ಳು ಬಹುಕಾಲದ ಎಳೆತದ ಗುರುತೇ ಹೊರತು ನೋವಿನ ಮೂಲವಲ್ಲ. ಮುಳ್ಳಿದೆ ಎಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಸಾಲ ಮಾಡಬೇಡಿ.

ಮನೆಯಲ್ಲೇ ಮಾಡುವ ಚಿಕಿತ್ಸೆ

ಮೊದಲನೆಯದು: ಹಾಸಿಗೆಯ ಮೇಲಿನ ಅಭ್ಯಾಸ

ಬೆಳಗ್ಗೆ ಎಚ್ಚರವಾದ ಕೂಡಲೇ ನೆಲಕ್ಕೆ ಕಾಲಿಡಬೇಡಿ. ಎದ್ದು ಕುಳಿತು, ನೋಯುವ ಕಾಲನ್ನು ಇನ್ನೊಂದು ಕಾಲಿನ ಮೊಣಕಾಲ ಮೇಲೆ ಇಟ್ಟುಕೊಳ್ಳಿ. ಅದೇ ಬದಿಯ ಕೈಯಿಂದ ಕಾಲ್ಬೆರಳುಗಳನ್ನೆಲ್ಲ ಒಟ್ಟಿಗೆ ಹಿಡಿದು ಮೊಳಕಾಲಿನ ಕಡೆಗೆ ಹಿಂದಕ್ಕೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲನ್ನು ಮುಟ್ಟಿ ನೋಡಿ. ಪಟ್ಟಿ ತಂತಿಯಂತೆ ಬಿಗಿಯಾಗಿ ಸಿಗಬೇಕು. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ ಹತ್ತು ಸಲ.

ಇದನ್ನು ದಿನಕ್ಕೆ ಮೂರು ಬಾರಿ ಮಾಡಬೇಕು. ಅದರಲ್ಲಿ ಒಂದು ಬೆಳಗಿನ ಮೊದಲ ಹೆಜ್ಜೆಗೆ ಮುಂಚೆ ಎಂಬುದು ಕಡ್ಡಾಯ. ಇನ್ನೊಂದನ್ನು ಹೆಚ್ಚು ಹೊತ್ತು ಕುಳಿತು ಏಳುವ ಮುನ್ನ ಮಾಡಿದರೆ ಒಳ್ಳೆಯದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ವೈದ್ಯರು ಬಹುಕಾಲದ ಹಿಮ್ಮಡಿ ನೋವಿನವರಲ್ಲಿ ಇದನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಬರೀ ಮೀನಖಂಡದ ಅಭ್ಯಾಸ ಮಾಡಿದವರಿಗಿಂತ ಅಂಗಾಲಿನ ಪಟ್ಟಿಯ ಈ ಅಭ್ಯಾಸ ಮಾಡಿದವರಿಗೆ ಎಂಟು ವಾರದಲ್ಲಿ ಹೆಚ್ಚು ಗುಣ ಕಂಡಿತು. ಒಂದು ಪೈಸೆ ಖರ್ಚಿಲ್ಲದ ಚಿಕಿತ್ಸೆ ಇದು.

ಎರಡನೆಯದು: ಗೋಡೆಯ ಅಭ್ಯಾಸ

ಗೋಡೆಗೆ ಎರಡೂ ಅಂಗೈ ಊರಿ ನಿಲ್ಲಿ. ನೋಯುವ ಕಾಲನ್ನು ಹಿಂದಕ್ಕೆ ಇಡಿ. ಆ ಮೊಣಕಾಲು ನೆಟ್ಟಗಿರಲಿ, ಹಿಮ್ಮಡಿ ನೆಲ ಬಿಡದಿರಲಿ. ಮುಂದಿನ ಕಾಲನ್ನು ಬಾಗಿಸುತ್ತಾ ಗೋಡೆಯತ್ತ ವಾಲಿ. ಹಿಂಗಾಲಿನ ಮೀನಖಂಡ ಎಳೆದಂತಾಗಬೇಕು. ಮೂವತ್ತು ಎಣಿಸಿ ಬಿಡಿ. ಮೂರು ಸಲ ಮಾಡಿ, ನಂತರ ಹಿಂಗಾಲಿನ ಮೊಣಕಾಲನ್ನು ತುಸು ಬಾಗಿಸಿ ಅದನ್ನೇ ಮೂರು ಸಲ ಮಾಡಿ. ಡೇರಿಗೆ ಹಾಲು ಹಾಕಲು ಸರದಿಯಲ್ಲಿ ನಿಂತಾಗಲೂ ಸಂಘದ ಕಟ್ಟಡದ ಗೋಡೆಗೆ ಕೈಯೂರಿ ಇದನ್ನು ಮಾಡಬಹುದು. ಯಾರಾದರೂ ನಕ್ಕರೆ ಅವರಿಗೂ ಹೇಳಿಕೊಡಿ.

ಮೂರನೆಯದು: ಮೆಟ್ಟಿಲಿನ ಅಭ್ಯಾಸ

ಬಿಗಿ ಬಿಡಿಸಿದರಷ್ಟೇ ಸಾಲದು, ಪಟ್ಟಿಗೆ ಬಲವೂ ಬರಬೇಕು. ಮನೆಯ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ, ಹಿಮ್ಮಡಿ ಹೊರಗೆ ಬಿಟ್ಟು ನಿಲ್ಲಿ. ಒಂದು ಟವೆಲನ್ನು ಸುರುಳಿ ಸುತ್ತಿ ಕಾಲ್ಬೆರಳುಗಳ ಕೆಳಗೆ ಇಡಿ. ಬೀಳದಂತೆ ಗೋಡೆ ಅಥವಾ ಕಂಬ ಹಿಡಿದುಕೊಳ್ಳಿ. ಮೂರು ಎಣಿಸುತ್ತಾ ಹಿಮ್ಮಡಿ ಮೇಲೆತ್ತಿ, ಎರಡು ಎಣಿಸುವಷ್ಟು ನಿಲ್ಲಿ, ಮೂರು ಎಣಿಸುತ್ತಾ ಕೆಳಗಿಳಿಸಿ. ಹನ್ನೆರಡು ಸಲ ಮಾಡಿ ಸ್ವಲ್ಪ ಸುಧಾರಿಸಿಕೊಳ್ಳಿ. ಹೀಗೆ ಮೂರು ಸುತ್ತು. ಮೊದಲು ಎರಡೂ ಕಾಲಿನಲ್ಲಿ ಮಾಡಿ. ಬಲ ಬಂದ ಮೇಲೆ ನೋಯುವ ಕಾಲೊಂದರಲ್ಲೇ ಮಾಡಿ. ಇದನ್ನು ದಿನಬಿಟ್ಟು ದಿನ ಮಾಡಬೇಕು, ದಿನವೂ ಬೇಡ. ಡೆನ್ಮಾರ್ಕ್ ದೇಶದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಭ್ಯಾಸ ಮಾಡಿದವರಿಗೆ ಮೂರು ತಿಂಗಳಲ್ಲಿ, ಬರೀ ಪಟ್ಟಿ ಎಳೆಯುವ ಅಭ್ಯಾಸ ಮಾಡಿದವರಿಗಿಂತ ಹೆಚ್ಚು ಗುಣ ಕಂಡಿತ್ತು. ವರ್ಷ ಕಳೆಯುವ ಹೊತ್ತಿಗೆ ಇಬ್ಬರೂ ಹೆಚ್ಚುಕಡಿಮೆ ಸಮನಾಗಿದ್ದರು. ಆದ್ದರಿಂದ ನಿಮ್ಮ ಮೈಗೆ ಒಗ್ಗುವುದನ್ನು ಬಿಡದೆ ಮಾಡುವುದೇ ಮುಖ್ಯ.

ಅಭ್ಯಾಸ ಮಾಡುವಾಗ ಸ್ವಲ್ಪ ನೋವಾದರೆ ಚಿಂತೆಯಿಲ್ಲ. ಮರುದಿನ ಬೆಳಗ್ಗೆ ನೋವು ಹಿಂದಿಗಿಂತ ಹೆಚ್ಚಾಗಿದ್ದರೆ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ ನಿಧಾನವಾಗಿ ಏರಿಸಿ.

ನಾಲ್ಕನೆಯದು: ಕಾಲಿಗೆ ಮೆತ್ತೆ

ಬರಿಗಾಲಿನಲ್ಲಿ ಗಟ್ಟಿ ನೆಲದ ಮೇಲೆ ನಿಲ್ಲುವುದನ್ನು ನಿಲ್ಲಿಸದೆ ಯಾವ ಚಿಕಿತ್ಸೆಯೂ ಫಲ ಕೊಡದು. ಹಿಮ್ಮಡಿಯ ಜಾಗದಲ್ಲಿ ಸವೆದು ಕಾಗದದಂತಾದ ಹಳೆಯ ಹವಾಯಿ ಚಪ್ಪಲಿ ಬರಿಗಾಲಿಗೆ ಸಮ. ಹಿಮ್ಮಡಿ ತುಸು ಎತ್ತರವಿರುವ, ಮೆತ್ತಗಿನ, ಪಾದದ ಬಿಲ್ಲಿಗೆ ಆಸರೆ ಕೊಡುವ ಚಪ್ಪಲಿ ಆರಿಸಿಕೊಳ್ಳಿ. ಎಂ.ಸಿ.ಆರ್. ಚಪ್ಪಲಿ ಎಂದು ಕೇಳಿದರೆ ಔಷಧಿ ಅಂಗಡಿಗಳಲ್ಲೂ ಕೆಲವು ಚಪ್ಪಲಿ ಅಂಗಡಿಗಳಲ್ಲೂ ಸಿಗುತ್ತದೆ. ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳನ್ನು ಕಾಪಾಡಲು ಬಳಕೆಗೆ ಬಂದ ಮೆತ್ತಗಿನ ರಬ್ಬರ್ ಇದು. ಈಗ ಸಕ್ಕರೆ ಕಾಯಿಲೆಯವರೂ ಹಿಮ್ಮಡಿ ನೋವಿನವರೂ ಬಳಸುತ್ತಾರೆ. ಆದರೆ ಒದ್ದೆ ಕೊಟ್ಟಿಗೆಯಲ್ಲಿ ಜಾರುವ ಚಪ್ಪಲಿ ಅಪಾಯ. ಅಲ್ಲಿಗೆ ಗಂಬೂಟು ಉತ್ತಮ. ಅದರೊಳಗೆ ಮೆತ್ತಗಿನ ಒಳಪದರ ಕತ್ತರಿಸಿ ಹಾಕಿಕೊಳ್ಳಿ.

ಹಸುವಿನ ಬಳಿ ಚಪ್ಪಲಿ ಮೆಟ್ಟಿ ಹೋಗಬಾರದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಅಂಥವರು ಹಸುವಿಗೆ ಹಾಸಿದ ರಬ್ಬರ್ ಮ್ಯಾಟಿನ ಉಳಿದ ತುಂಡನ್ನು ತಾವು ಹಾಲು ಕರೆಯುವ ಜಾಗದಲ್ಲಿ ಹಾಕಿಕೊಳ್ಳಬಹುದು. ಅದಿಲ್ಲದಿದ್ದರೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಳ್ಳಿ. ಕೆಲಸವಾದ ಮೇಲೆ ತೊಳೆದು ಬಿಸಿಲಿಗೆ ಒಣಗಿಸಿ. ಉಳಿದ ಕೊಟ್ಟಿಗೆ ಕೆಲಸಕ್ಕೆ, ಅಂದರೆ ಸಗಣಿ ಬಾಚಲು, ತೊಳೆಯಲು, ಕಾಲಿಗೆ ಏನಾದರೂ ಇರಲೇಬೇಕು. ಧನುರ್ವಾಯು, ಕೊಕ್ಕೆಹುಳು, ಇಲಿ ಜ್ವರ ಇವುಗಳಿಂದಲೂ ಅದು ಕಾಪಾಡುತ್ತದೆ. ಮನೆಯೊಳಗೆ ಗ್ರಾನೈಟ್, ಟೈಲ್ಸ್ ನೆಲವಿದ್ದರೆ ಒಳಗೆ ಮಾತ್ರ ಬಳಸುವ ಮೆತ್ತಗಿನ ಚಪ್ಪಲಿಯೊಂದನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ.

ಐದನೆಯದು: ಕೆಲಸದ ರೀತಿ ಬದಲಿಸುವುದು

* ಕುಕ್ಕರಗಾಲಿನ ಬದಲು ತಗ್ಗಿನ ಸ್ಟೂಲ್ ಅಥವಾ ಎತ್ತರದ ಮಣೆಯ ಮೇಲೆ ಕುಳಿತು, ಹಿಮ್ಮಡಿ ನೆಲಕ್ಕೆ ತಾಗುವಂತೆ ಹಾಲು ಕರೆಯಿರಿ.
* ಒಂದು ದೊಡ್ಡ ಹೊರೆಯ ಬದಲು ಎರಡು ಸಣ್ಣ ಹೊರೆ ಮಾಡಿ. ಸೈಕಲ್, ಬೈಕ್, ತಳ್ಳುಗಾಡಿ ಇದ್ದರೆ ಹುಲ್ಲಿಗೆ ಅದನ್ನು ಬಳಸಿ.
* ನಿಂತು ಮಾಡುವ ಕೆಲಸವನ್ನು ಒಂದೇ ಸಮನೆ ಮಾಡದೆ ನಡುನಡುವೆ ಐದು ನಿಮಿಷ ಕೂರಿ.
* ಮನೆಯವರು ಕೆಲಸ ಹಂಚಿಕೊಳ್ಳಿ. ನೋವು ಜೋರಾಗಿರುವ ಮೊದಲ ಮೂರು-ನಾಲ್ಕು ವಾರ ಸಗಣಿ ಬಾಚುವುದು, ಮೇವು ಹೊರುವುದು ಮನೆಯ ಗಂಡಸರ, ದೊಡ್ಡ ಮಕ್ಕಳ ಪಾಲಿಗಿರಲಿ. ವೈದ್ಯರು ಹೇಳುವ ವಿಶ್ರಾಂತಿ ನಮ್ಮ ಮನೆಗಳಲ್ಲಿ ಸಿಗುವುದು ಹೀಗೆಯೇ.

ಆರನೆಯದು: ನೋವು ಶಮನ

ಫ್ರಿಜ್ ಇದ್ದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ, ಸಂಜೆ ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಇದನ್ನು ಮಾಡಬಾರದು. ತಾಳಲಾರದ ನೋವಿದ್ದ ದಿನ ಪ್ಯಾರಾಸಿಟಮಾಲ್ ಮಾತ್ರೆ ತೆಗೆದುಕೊಳ್ಳಬಹುದು. ಬೇರೆ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಹುಣ್ಣಿಗೆ, ಮೂತ್ರಪಿಂಡದ ಹಾನಿಗೆ ದಾರಿ. ರಕ್ತದೊತ್ತಡ ಇದ್ದವರಿಗೆ ಇನ್ನೂ ಅಪಾಯ. ರಾಸಿಗೆಂದು ತಂದ ನೋವಿನ ಔಷಧಿಯನ್ನು ಯಾವ ಕಾರಣಕ್ಕೂ ನೀವು ಬಳಸಬೇಡಿ.

ಎಷ್ಟು ದಿನ ಬೇಕು?

ಇಲ್ಲಿಯೇ ಬಹಳ ಜನ ಎಡವುವುದು. ಒಂದು ವಾರ ಮಾಡಿ "ಏನೂ ಆಗಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಸವೆದ ಪಟ್ಟಿ ಕೂಡಿಕೊಳ್ಳುವುದು ನಿಧಾನ. ಬಹುಪಾಲು ಜನರಿಗೆ ಆರರಿಂದ ಎಂಟು ವಾರದಲ್ಲಿ ಬೆಳಗಿನ ಚುಚ್ಚು ಕಡಿಮೆಯಾದದ್ದು ತಿಳಿಯುತ್ತದೆ. ಹತ್ತರಲ್ಲಿ ಸುಮಾರು ಎಂಟು ಮಂದಿಗೆ ವರ್ಷದೊಳಗೆ ಗುಣವಾಗುತ್ತದೆ. ಬೇಗ ಆರಂಭಿಸಿದವರಿಗೆ ಬೇಗ ಗುಣ. ಕ್ಯಾಲೆಂಡರಿನಲ್ಲಿ ಹಸುವಿಗೆ ಗರ್ಭಧಾರಣೆ ಮಾಡಿಸಿದ ದಿನ ಗುರುತು ಹಾಕುವಂತೆ ಅಭ್ಯಾಸ ಆರಂಭಿಸಿದ ದಿನವನ್ನೂ ಗುರುತು ಹಾಕಿ. ಮೂರು ತಿಂಗಳು ಬಿಡದೆ ಮಾಡಿಯೂ ಗುಣ ಕಾಣದಿದ್ದರೆ ಮೂಳೆ ವೈದ್ಯರನ್ನು ಕಾಣಿ.

ಇಂಜೆಕ್ಷನ್, ಶಸ್ತ್ರಚಿಕಿತ್ಸೆ

ಹಿಮ್ಮಡಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ನಿನಿಂದ ನೋವು ಬೇಗ ಇಳಿಯುವುದು ನಿಜ. ಆದರೆ ಆ ಗುಣ ಸಾಮಾನ್ಯವಾಗಿ ಒಂದು ತಿಂಗಳಿನಷ್ಟು ನಿಲ್ಲುತ್ತದೆ, ಬಹುಕಾಲ ಬಾಳುವುದಿಲ್ಲ. ಪದೇ ಪದೇ ಹಾಕಿಸಿಕೊಂಡರೆ ಹಿಮ್ಮಡಿಯ ಕೊಬ್ಬಿನ ದಿಂಬು ಕರಗಬಹುದು, ಅಪರೂಪಕ್ಕೆ ಪಟ್ಟಿಯೇ ಹರಿಯಬಹುದು. ಆದ್ದರಿಂದ ಮೇಲಿನ ಕ್ರಮಗಳನ್ನು ಮಾಡಿ ನೋಡಿದ ಮೇಲೆ, ತಜ್ಞ ವೈದ್ಯರ ಕೈಯಲ್ಲಿ ಮಾತ್ರ ಹಾಕಿಸಿಕೊಳ್ಳಿ. ಕಂಡಕಂಡಲ್ಲಿ ಬೇಡ. ಆರು ತಿಂಗಳು ದಾಟಿದ ನೋವಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಶಾಕ್‌ವೇವ್ ಎಂಬ ಚಿಕಿತ್ಸೆಯೂ ಇದೆ. ಶಸ್ತ್ರಚಿಕಿತ್ಸೆಯ ಅಗತ್ಯ ಕೆಲವೇ ಮಂದಿಗೆ ಬೀಳುತ್ತದೆ.

ಹಳೆಯ ಪದ್ಧತಿಗಳ ಬಗ್ಗೆ

ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಕಿ ಹಿಮ್ಮಡಿ ಇಡುವುದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ನಡೆದುಬಂದದ್ದು. ಹದವಾದ ಶಾಖದಿಂದ ಆ ಹೊತ್ತಿಗೆ ಹಾಯೆನಿಸುತ್ತದೆ. ಆದರೆ ಎಕ್ಕದ ಹಾಲು ಚರ್ಮಕ್ಕೆ ಉರಿ ತರುತ್ತದೆ, ಕಣ್ಣಿಗೆ ತಾಗಿದರೆ ಬಹಳ ಅಪಾಯ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಇಟ್ಟಿಗೆಯ ಬಿಸಿ ತಿಳಿಯದೆ ಸುಟ್ಟು ಹುಣ್ಣಾಗಬಹುದು, ಆ ಹುಣ್ಣು ಮಾಯದೆ ಕಾಲಿಗೇ ಕುತ್ತು ಬರಬಹುದು. ಶಾಖ ಬೇಕೆನಿಸಿದರೆ ಇನ್ನೊಬ್ಬರು ಕೈಯಿಟ್ಟು ನೋಡಿದ ಉಗುರುಬೆಚ್ಚಗಿನ ನೀರು ಸಾಕು. ಹಿಮ್ಮಡಿಗೆ ಬರೆ ಹಾಕಿಸುವುದನ್ನು ಖಂಡಿತ ಮಾಡಬೇಡಿ.

ಹಿಮ್ಮಡಿ ಒಡೆಯುವುದು ಬೇರೆ ತೊಂದರೆ. ಅದು ಚರ್ಮ ಒಣಗಿ ಬಿರಿಯುವುದು. ರಾತ್ರಿ ಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಒರೆಸಿ, ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಬ್ಲೇಡಿನಿಂದ ಕೆರೆಯಬೇಡಿ. ಒಡಕಿನಲ್ಲಿ ರಕ್ತ, ಕೀವು ಇದ್ದರೆ ಸಗಣಿ-ಗಂಜಲ ತಾಗದಂತೆ ನೋಡಿಕೊಂಡು ಆಸ್ಪತ್ರೆಗೆ ತೋರಿಸಿ.

ಇಂಥ ನೋವಿಗೆ ಮನೆಯಲ್ಲಿ ಕಾಯಬೇಡಿ

ಹಿಮ್ಮಡಿ ನೋವೆಲ್ಲ ಒಂದೇ ಅಲ್ಲ. ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

1. ಹುಲ್ಲಿನ ಮೆದೆ, ಅಟ್ಟ, ಮರದಿಂದ ಕಾಲೂರಿ ಬಿದ್ದ ಮೇಲೆ ಬಂದ ನೋವು. ಹಿಮ್ಮಡಿ ಮೂಳೆ ಮುರಿದಿರಬಹುದು. ಹೀಗೆ ಬಿದ್ದವರಿಗೆ ಬೆನ್ನುಮೂಳೆಗೂ ಪೆಟ್ಟಾಗಿರುವ ಸಂಭವವಿರುವುದರಿಂದ ಬೆನ್ನುನೋವಿದ್ದರೆ ಅದನ್ನೂ ಹೇಳಿ.
2. ಹಿಮ್ಮಡಿಯ ಹಿಂಬದಿಯಲ್ಲಿ ಯಾರೋ ಹೊಡೆದಂತಾಗಿ, ತುದಿಗಾಲಿನ ಮೇಲೆ ನಿಲ್ಲಲು ಆಗದಿರುವುದು. ಮೀನಖಂಡದ ರಜ್ಜು ಹರಿದಿರಬಹುದು.
3. ಕೆಂಪಗಾಗಿ ಊದಿ, ಬಿಸಿಯಾಗಿ, ಜ್ವರ ಬಂದಿರುವುದು.
4. ಸಕ್ಕರೆ ಕಾಯಿಲೆ ಇರುವವರಿಗೆ ಪಾದದಲ್ಲಿ ಉರಿ, ಜೋಮು, ಗಾಯ. ನಲವತ್ತು ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.
5. ಮಲಗಿದಾಗಲೂ, ನಡುರಾತ್ರಿಯಲ್ಲೂ ಬಿಡದ ನೋವು. ಕಾರಣವಿಲ್ಲದೆ ತೂಕ ಇಳಿಯುವುದು.
6. ಚಿಕ್ಕ ವಯಸ್ಸಿನವರಲ್ಲಿ ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಗ್ಗೆ ಅರ್ಧ ಗಂಟೆಗೂ ಮಿಕ್ಕಿ ಸೊಂಟ ಹಿಡಿದುಕೊಂಡಿರುವುದು. ಇದು ಬೆನ್ನುಮೂಳೆಯ ಸಂಧಿವಾತದ ಸೂಚನೆ ಇರಬಹುದು.
7. ಬಿಟ್ಟು ಬಿಟ್ಟು ಜ್ವರ, ಬೆವರು, ಸೊಂಟ ಮತ್ತು ಕೀಲುಗಳಲ್ಲಿ ನೋವು. ನಿಮ್ಮ ಕೊಟ್ಟಿಗೆಯಲ್ಲಿ ರಾಸು ಕಂದು ಹಾಕಿದ್ದರೆ, ಅದರ ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಿದ್ದರೆ ವೈದ್ಯರಿಗೆ ಆ ವಿಷಯ ತಪ್ಪದೆ ತಿಳಿಸಿ. ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಹರಡುತ್ತದೆ, ಔಷಧಿಯಿಂದ ಗುಣವಾಗುತ್ತದೆ.

ಎಂಟರಿಂದ ಹದಿನಾಲ್ಕು ವರ್ಷದ, ಓಡಾಡಿ ಆಡುವ ಮಕ್ಕಳಿಗೆ ಹಿಮ್ಮಡಿ ನೋವು ಬಂದರೆ ಅದು ಬೆಳೆಯುವ ಮೂಳೆಯ ಮೇಲಿನ ಎಳೆತದಿಂದ ಬರುವುದೇ ಹೆಚ್ಚು. ಕೆಲವು ವಾರ ಓಟ ಕಡಿಮೆ ಮಾಡಿ, ಮೆತ್ತಗಿನ ಷೂ ಹಾಕಿಸಿದರೆ ತಗ್ಗುತ್ತದೆ. ಕುಂಟುತ್ತಿದ್ದರೆ ವೈದ್ಯರಿಗೆ ತೋರಿಸಿ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಾಲು ಹೆಚ್ಚು ಕುಡಿದರೆ ಹಿಮ್ಮಡಿಯಲ್ಲಿ ಮುಳ್ಳು ಬೆಳೆಯುತ್ತದೆಯೇ?
ಉತ್ತರ: ಇಲ್ಲ. ಮುಳ್ಳಿಗೂ ಹಾಲಿನ ಸುಣ್ಣದ ಅಂಶಕ್ಕೂ ಸಂಬಂಧವಿಲ್ಲ. ಡೇರಿಗೆ ಹಾಕುವುದರ ಜೊತೆಗೆ ಮನೆಮಂದಿಗೂ ಹಾಲು ಉಳಿಸಿಕೊಳ್ಳಿ.

ಪ್ರಶ್ನೆ: ಆಲೂಗಡ್ಡೆ, ಬಾಳೆಹಣ್ಣು, ಕಡಲೆ ವಾಯು ಎನ್ನುತ್ತಾರೆ. ಪಥ್ಯ ಬೇಕೇ?
ಉತ್ತರ: ಈ ನೋವಿಗೆ ಯಾವ ಪಥ್ಯವೂ ಬೇಕಿಲ್ಲ. ತೂಕ ಹೆಚ್ಚಿದ್ದರೆ ಎಣ್ಣೆ, ಸಕ್ಕರೆ ಕಡಿಮೆ ಮಾಡಿ, ತರಕಾರಿ, ಸೊಪ್ಪು, ಕಾಳು ಹೆಚ್ಚಿಸಿ.

ಪ್ರಶ್ನೆ: ಯೂರಿಕ್ ಆಮ್ಲದಿಂದ ಹೀಗಾಗುತ್ತದೆಯೇ?
ಉತ್ತರ: ಅದರಿಂದ ಬರುವ ಗೌಟ್ ಹೆಚ್ಚಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಊತ, ಕೆಂಪು, ತೀವ್ರ ನೋವಾಗಿ ಕಾಣಿಸಿಕೊಳ್ಳುತ್ತದೆ. ಬರೀ ಬೆಳಗಿನ ಹಿಮ್ಮಡಿ ಚುಚ್ಚಿಗೆ ಅದು ಸಾಮಾನ್ಯ ಕಾರಣವಲ್ಲ.

ಪ್ರಶ್ನೆ: ಗರ್ಭಿಣಿಯರು ಏನು ಮಾಡಬೇಕು?
ಉತ್ತರ: ಕುಳಿತು ಮಾಡುವ ಮೊದಲ ಅಭ್ಯಾಸ, ಮೆತ್ತಗಿನ ಚಪ್ಪಲಿ ಸಾಕು. ಕಾಲು ಮಡಿಚಿ ಬಾಗಲು ಕಷ್ಟವಾದರೆ ಟವೆಲನ್ನು ಮುಂಗಾಲಿಗೆ ಸುತ್ತಿ ಎಳೆದುಕೊಳ್ಳಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನುಂಗಬೇಡಿ.

ಕೊನೆಯ ಮಾತು

ಸಂಘಕ್ಕೆ ಬರುವ ಪ್ರತಿ ಲೀಟರ್ ಹಾಲೂ ಯಾರದೋ ಕಾಲಿನ ಮೇಲೆ ನಿಂತು ಬಂದದ್ದು. ನಾಳೆ ಬೆಳಗ್ಗೆ ಎಚ್ಚರವಾದಾಗ ಹಸು ಅಂಬಾ ಎಂದರೂ ಐದು ನಿಮಿಷ ಕಾಯಲಿ. ಹಾಸಿಗೆಯ ಮೇಲೇ ಕುಳಿತು ಕಾಲ್ಬೆರಳು ಹಿಡಿದು ಹತ್ತು ಎಣಿಸಿ. ಆಮೇಲೆ ನೆಲಕ್ಕೆ ಕಾಲಿಡಿ. ನಿಮ್ಮ ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಈ ಲೇಖನವನ್ನು ಅವರಿಗೆ ಓದಿ ಹೇಳಿ, ಅಭ್ಯಾಸವನ್ನು ಒಮ್ಮೆ ಜೊತೆಯಲ್ಲಿ ಕುಳಿತು ಮಾಡಿಸಿ.